ಭೂಮವ್ವ ಕಟ್ಟಿದ ಕಾಣದ ನೂಲು

ಲೋಕಕ್ಕೆ ಇನ್ನೂ ಹಾಲುಹಲ್ಲು ಮೂಡದ ಕಾಲ. ಭೂಮವ್ವ ಆಗ ಹಸಿ ಬಾಣಂತಿ. ಅವಳ ಕೂಸು ಯಾರು ಅಂತೀರಿ? ಸಮುದ್ರದ ಅಂಚಿಗೆ ಅಂಟಿಕೊಂಡಿದ್ದ ಒಂದು ಚಿಟಿಕೆ ಹಸಿರು ಪಾಚಿ. ಜೋರಾಗಿ ಉಸಿರು ಬಿಟ್ಟರೆ ಬಾಡೀತು ಅನ್ನುವಷ್ಟು ಎಳೆಯದು.

ತಂಗಿ ಹೆತ್ತ ಸುದ್ದಿ ಕೇಳಿ ಸೂರ್ಯಣ್ಣ ಹಿಗ್ಗಿಹೋದ. ಹಿಗ್ಗಿದವನಿಗೆ ಹಿಂದುಮುಂದು ಎಲ್ಲಿ ಹೊಳೆಯಬೇಕು? "ಹೋಗ್ರೋ, ಅತ್ತೆ ಹತ್ರ ಹೋಗಿ ಕೂಸು ನೋಡ್ಕೊಂಡು ಬನ್ರೋ" ಅಂತ ತನ್ನ ಕಿಡಿಮಕ್ಕಳನ್ನೆಲ್ಲ ಕಳಿಸಿಬಿಟ್ಟ. ಕಣ್ಣಿಗೆ ಕಾಣದಷ್ಟು ಪುಟಾಣಿಗಳು, ಆದರೆ ಮೈಯೆಲ್ಲ ಕೆಂಡ.

ಅವರ ಗಲಾಟೆ ಕೇಳಿ ಭೂಮವ್ವ ಕೂಸಿಗೆ ಅಡ್ಡವಾಗಿ ಬಾಗಿದಳು. ಬಿಸಿಲಲ್ಲಿ ಓಡಿಬಂದವರನ್ನು ಸೀದಾ ಬಾಣಂತಿಕೋಣೆಗೆ ಯಾರಾದರೂ ಬಿಡುತ್ತಾರೆಯೇ? ಒಬ್ಬ ಮುಟ್ಟಿದರೂ ಕೂಸು ಕರಕಲು. ಹಾಗಂತ ಅಣ್ಣನ ಮಕ್ಕಳನ್ನು ಅಟ್ಟುವುದಕ್ಕೂ ಅವಳಿಗೆ ಮನಸ್ಸು ಬರಲಿಲ್ಲ.

ಅವಳ ಹೊಟ್ಟೆಯಲ್ಲಿ ಕರಗಿದ ಕಬ್ಬಿಣ ಗಿರಗಿರ ತಿರುಗುತ್ತಿತ್ತು. ಅದರಿಂದಲೇ ಕಾಣದ ನೂಲು ತೆಗೆದಳು. ಕಾಲಿನ ಕಡೆಯಿಂದ ಎತ್ತಿ, ಆಕಾಶದಲ್ಲಿ ಬಾಗಿಸಿ, ತಲೆಯ ಕಡೆ ತಂದು ಕಟ್ಟಿದಳು, ತೊಟ್ಟಿಲಿಗೆ ಸೊಳ್ಳೆಪರದೆ ಕಟ್ಟಿದ ಹಾಗೆ.

ಓಡಿಬಂದ ಮಕ್ಕಳಿಗೆ ನೂಲು ದಾಟಲು ಆಗಲಿಲ್ಲ. ನೂಲನ್ನೇ ಸುತ್ತುತ್ತ ಸುತ್ತುತ್ತ ಬಡಗಣಕ್ಕೆ, ಅತ್ತೆಯ ತಲೆಯ ಕಡೆಗೆ, ಓಡಿದರು. ಅಲ್ಲಿ ನೂಲುಗಳೆಲ್ಲ ಒತ್ತೊತ್ತಾಗಿ ಸೇರಿದ್ದವು, ಸುತ್ತಲು ಜಾಗ ಸಾಲದು, ತಿರುಗಿದರು. ಸುತ್ತುತ್ತ ಸುತ್ತುತ್ತ ತೆಂಕಣಕ್ಕೆ, ಕಾಲಿನ ಕಡೆಗೆ, ಓಡಿದರು. ಅಲ್ಲೂ ಹಾಗೇ, ತಿರುಗಿದರು. ಅಳಬೇಕಾದವರು ಕಿಲಕಿಲ ನಗತೊಡಗಿದರು. ಹೊಸ ಆಟ ಸಿಕ್ಕಿತ್ತಲ್ಲ.

ಎಲ್ಲರಿಗಿಂತ ಚಿಕ್ಕವಳಾದ ಮಿಣಕಿ ಮಾತ್ರ ನಗಲಿಲ್ಲ. "ಅತ್ತೆ, ನಾನು ಆಡೋಕೆ ಬಂದಿಲ್ಲ. ಕೂಸು ನೋಡೋಕೆ ಬಂದೆ" ಎಂದಳು.

ಭೂಮವ್ವ ಅವಳ ಕಡೆ ಬಗ್ಗಿದಳು. "ಮೈ ಆರಿಸ್ಕೊಂಡು ಬಾ ನನ್ನ ಬಂಗಾರ. ಈ ಬಿಸಿಯಲ್ಲಿ ಬಂದ್ರೆ ಕೂಸು ಉಳಿಯೋದಿಲ್ಲ."

"ಹೇಗೆ ಆರಿಸ್ಕೊಳ್ಳಲಿ?"

"ಎರಡೂ ತುದಿಯಲ್ಲಿ ನೂಲು ಒತ್ತೊತ್ತಾಗಿ ಸೇರೋ ಕಡೆ ಬಾಗಿಲಿದೆ, ಅಲ್ಲಿ ಗಾಳಿಯಕ್ಕ ಕೂತಿದ್ದಾಳೆ. ನಿನ್ನ ಬಿಸಿಯೆಲ್ಲ ಅವಳ ಮಡಿಲಿಗೆ ಸುರಿ."

ಮಿಣಕಿ ಈ ಸಲ ಗಿರಕಿ ಹೊಡೆಯಲಿಲ್ಲ. ನೂಲು ಹಿಡಿದು ನೆಟ್ಟಗೆ ಜಾರಿದಳು. ನೆಟ್ಟಗೆ ಬಂದವಳಿಗೆ ಆ ಇಕ್ಕಟ್ಟಿನ ಸಂದೇ ಸಾಕಾಯಿತು. ಗಾಳಿಯಕ್ಕನ ಮಡಿಲಿಗೆ ಬಿದ್ದು ಮೈಯ ಬಿಸಿಯನ್ನೆಲ್ಲ ಕೊಟ್ಟುಬಿಟ್ಟಳು. ಆ ಬಿಸಿಗೆ ಗಾಳಿಯಕ್ಕನ ಸೆರಗು ಹಸಿರಾಗಿ ಬೆಳಗಿತು. ತಣ್ಣಗಾದ ಮಿಣಕಿಯನ್ನು ಭೂಮವ್ವ ಬಾಚಿ ತಬ್ಬಿಕೊಂಡು ಕೂಸಿನ ಪಕ್ಕದಲ್ಲೇ ಕೂರಿಸಿದಳು.

ಇವತ್ತಿಗೂ ಭೂಮಿಯ ಎರಡು ತುದಿಯ ಚಳಿನಾಡುಗಳಲ್ಲಿ ಮಕ್ಕಳು ಕತ್ತೆತ್ತಿದರೆ ಆಕಾಶದಲ್ಲಿ ಹಸಿರು ಬೆಳಕು ತೂಗಾಡುವುದು ಕಾಣುತ್ತದಲ್ಲ, ಆಗೆಲ್ಲ ಸೂರ್ಯಣ್ಣನ ಯಾವಳೋ ಒಬ್ಬ ಮಗಳು ಕೂಸು ನೋಡಬೇಕೆಂದು ಅತ್ತೆಯ ಬಾಗಿಲಲ್ಲಿ ಮೈ ಆರಿಸಿಕೊಳ್ಳುತ್ತಿರುತ್ತಾಳೆ.