ಹರಿಗೋಲಿನ ಸಿನಿಮಾ ತೆಗೆದ ನೀಲಗಂಗವ್ವ

ಕೃಷ್ಣಾ ಹೊಳೆಗೆ ಇನ್ನೂ ಸೇತುವೆ ಕಟ್ಟಿರಲಿಲ್ಲ, ಆಗಿನ ಮಾತಿದು. ಹೊಳೆದಂಡೆಯ ಒಂದು ಊರಿನಲ್ಲಿ ನೀಲಗಂಗವ್ವ ಅಂತ ಒಬ್ಬಳಿದ್ದಳಂತೆ. ಊರ ಹೊರಗೆ ಅಡಿವೆಪ್ಪನ ಟೆಂಟ್ ಟಾಕೀಸು. ಅದರ ಬಾಗಿಲಲ್ಲಿ ಟಿಕೀಟು ಹರಿಯುವುದು ಇವಳ ಕೆಲಸ. ಟಿಕೀಟು ಹರಿಯುತ್ತ ಹರಿಯುತ್ತ ಬಂದ ಸಿನಿಮಾಗಳನ್ನೆಲ್ಲ ನೋಡಿದಳಂತೆ. ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸಲ್ಲ ಅವಳು. ಆಟ ಬಿಟ್ಟ ಮೇಲೆ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತು, ಇಂಥದ್ದು ಚಂದ, ಇಂಥದ್ದು ಸುಳ್ಳು ಅಂತ ಹೇಳುವಳಂತೆ. ಉಪವಾಸ ಬಿದ್ದ ನಾಯಕಿಯ ಗಲ್ಲ ಹಂಗ್ಯಾಕೆ ಹೊಳೆಯುತ್ತದೆ? ಹೊಲ ಉತ್ತು ಬಂದವನ ಧೋತರಕ್ಕೆ ಮಣ್ಣು ಯಾಕಿಲ್ಲ? ಅವಳು ಚಂದ ಅಂದರೆ ಆಚೆ ದಂಡೆಯವರೂ ಹರಿಗೋಲು ಹತ್ತಿ ಬರುವರು. ಚಂದಿಲ್ಲ ಅಂದರೆ ಮರುದಿನ ಟೆಂಟಿನೊಳಗೆ ಕೋಳಿ ಮೇಯುತ್ತಿದ್ದವಂತೆ.

ಅಡಿವೆಪ್ಪನಿಗೆ ತಲೆ ಕೆಟ್ಟುಹೋಯಿತು. ಎಲ್ಲಿಂದಲೋ ಹಳೆಯದೊಂದು ಕೆಮರಾ ತಂದು ಅವಳ ಮುಂದಿಟ್ಟ.

"ಬಯ್ಯೂದು ಸಸಾರ ಐತಿ. ನೀನ ಒಂದು ಸಿನಿಮಾ ತಗದು ತೋರ್ಸು, ನೋಡೂಣು."

"ತಗೀತೀನಿ," ಅಂದಳಂತೆ. "ವೇಷ ಇಲ್ಲ, ಹಾಡಿಲ್ಲ. ಇದ್ದದ್ದನ್ನ ಇದ್ದಂಗ ತಗೀತೀನಿ."

ಆ ಕಾಲಕ್ಕೆ ಹುಸೇನಸಾಬನಂಥ ಹರಿಗೋಲಿನವ ಸುತ್ತ ಎಲ್ಲೂ ಇರಲಿಲ್ಲವಂತೆ. ಹೊಳೆ ತುಂಬಿ ಬಂದಾಗ ಮುಳುಗುವವರ ಜುಟ್ಟು ಹಿಡಿದು ಎಳೆದು ತಂದವನು. ನೀಲಗಂಗವ್ವ ಒಂದು ಯುಗಾದಿಯಿಂದ ಮತ್ತೊಂದು ಯುಗಾದಿಯವರೆಗೆ ಅವನ ಬೆನ್ನು ಬಿಡಲಿಲ್ಲ. ರೀಲು ಪಟ್ಟಣಕ್ಕೆ ಹೋಗಿ, ತೊಳೆಸಿಕೊಂಡು ಬಂತು. ಸಿನಿಮಾ ತಯಾರಾಯಿತು.

ತೋರಿಸುವ ದಿನ ಎರಡೂ ದಂಡೆಯ ಜನ ಟೆಂಟಿನಲ್ಲಿ ಕಿಕ್ಕಿರಿದಿದ್ದರಂತೆ. ಪರದೆಯ ಮೇಲೆ ಹುಸೇನಸಾಬ ಮುಳುಗುವವನೊಬ್ಬನನ್ನು ನೀರಿನಿಂದ ಎಳೆದೇ ಎಳೆದ. ಸಿಳ್ಳೆಯೋ ಸಿಳ್ಳೆ, ರುಮಾಲುಗಳು ಮೇಲೆ ಹಾರಿದವು. ಹುಸೇನಸಾಬ ಮುಂದಿನ ಸಾಲಿನಲ್ಲಿ ಕೂತು ಮೀಸೆ ತಿರುವಿದ್ದೇ ತಿರುವಿದ್ದು.

ದೀಪ ಹತ್ತಿದ ಮೇಲೆ ಒಬ್ಬರೂ ಮನೆಗೆ ಹೋಗಲಿಲ್ಲ. ಎಲ್ಲರೂ ಆ ಕಲ್ಲನ್ನು ಸುತ್ತುವರಿದು ನಿಂತರು. ನೀಲಗಂಗವ್ವ ಬಾಗಿಲಲ್ಲೇ ನಿಂತಳಂತೆ. ಇದ್ದದ್ದು ಹೇಳಿದರೆ ಹುಸೇನಸಾಬನ ಮಾನ ಹೋಗುತ್ತದೆ, ತನ್ನದೂ ಹೋಗುತ್ತದೆ. ಹೇಳದಿದ್ದರೆ ನಾಳೆ ಮಂದಿಯ ಸಿನಿಮಾಕ್ಕೆ ಯಾವ ಬಾಯಲ್ಲಿ ಸುಳ್ಳು ಅನ್ನುವುದು? ಹೋಗಿ ಕೂತಳು.

"ಮುಳುಗಿದವನನ್ನ ಎಳದದ್ದು ಸುಳ್ಳು. ಅವ ಹುಸೇನಸಾಬನ ಅಳಿಯ. ಮುಳುಗು ಅಂತ ನಾನ ಹೇಳಿದ್ದೆ. ನೀರು ಅವನ ಸೊಂಟದ ಮಟ ಇತ್ತು."

ಹುಸೇನಸಾಬನ ಮುಖ ಕೆಂಪಗಾಗಿತ್ತು.

"ಹಂಗಾರ ನಾ ಮಂದೀನ್ನ ಉಳಿಸೇ ಇಲ್ಲೇನು?"

"ಉಳಿಸೀಯಪ್ಪ. ಆದರ ನಾ ಅದನ್ನ ಕಣ್ಣಾರೆ ನೋಡಿಲ್ಲ. ಮಾಡಿಸಿದ್ದನ್ನ ನೋಡಿದ್ದು ಅಂತ ತೋರಿಸಿದೆ. ತಪ್ಪು ನಂದು."

"ಮತ್ತ ಒಂದು ವರ್ಷ ಕುಂತು ಏನು ನೋಡಿದಿ?"

ಅವಳು ಎಲ್ಲರನ್ನೂ ಮತ್ತೆ ಟೆಂಟಿನೊಳಗೆ ಕರೆದು, ಕತ್ತರಿಸಿ ಬುಟ್ಟಿಗೆ ಒಗೆದಿದ್ದ ರೀಲು ತಂದು ಹಾಕಿಸಿದಳಂತೆ. ಪರದೆಯ ಮೇಲೆ ಗಿರಾಕಿ ಇಲ್ಲದೆ ಕೂತ ಹುಸೇನಸಾಬ ಹೊಳೆಗೇ ಬಯ್ಯುತ್ತಿದ್ದಾನೆ. ನಾಯಿಗೆ ರೊಟ್ಟಿ ಕೊಡುತ್ತಾನೆ, ನಾಯಿ ಮೂಸಿ ಮುಖ ತಿರುಗಿಸುತ್ತದೆ. ತಾನೊಂದು ತುತ್ತು ಬಾಯಿಗಿಟ್ಟು, ನಾಯಿ ಮಾಡಿದ್ದೇ ಸರಿ ಅನ್ನುವಂತೆ ತಲೆ ಆಡಿಸುತ್ತಾನೆ. ಒಬ್ಬ ಮುದುಕಿ ಅವನ ಕೈಯಿಂದ ಹುಟ್ಟು ಕಸಿದುಕೊಂಡು ತಾನೇ ಹಾಕುತ್ತಿದ್ದಾಳೆ, ಇವನು ಬೈಸಿಕೊಂಡ ಮಗನಂತೆ ಮೂಲೆಯಲ್ಲಿ ಕೂತಿದ್ದಾನೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆಮೇಲೆ ತವರಿಗೆ ಹೊರಟ ತುಂಬು ಬಸುರಿಯೊಬ್ಬಳು ಹರಿಗೋಲು ಹತ್ತಿದಳು. ಒಂದು ಹನಿ ನೀರೂ ಅವಳಿಗೆ ಸಿಡಿಯದಂತೆ, ಅಷ್ಟು ನಿಧಾನ, ಅಷ್ಟು ಮೆತ್ತಗೆ ಹುಟ್ಟು ಹಾಕುತ್ತಿದ್ದ ಹುಸೇನಸಾಬ. ಅದನ್ನು ನೋಡುವಾಗ ಯಾರೂ ನಗಲಿಲ್ಲವಂತೆ.

ರೀಲು ಮುಗಿಯಿತು. ಎಲ್ಲರಿಗಿಂತ ಮೊದಲು ಕೂಗಿದವನು ಹುಸೇನಸಾಬನೇ.

"ಇದನ್ನ ಯಾಕ ಬುಟ್ಟಿಗೆ ಒಗದಿದ್ದಿ, ಹುಚ್ಚಿ? ಇದು ನಾನ!"

ಅಲ್ಲಿಂದ ಮುಂದೆ ನೀಲಗಂಗವ್ವ ಕೆಮರಾ ಹೆಗಲಿಗೆ ಹಾಕಿಕೊಂಡು ಹೊಳೆಯುದ್ದಕ್ಕೂ ತಿರುಗಿದಳಂತೆ. ಕೌದಿ ಹೊಲಿಯುವವರನ್ನು ತೆಗೆದಳಂತೆ, ಸುಣ್ಣ ಸುಡುವವರನ್ನು ತೆಗೆದಳಂತೆ. ತೆಗೆದು ಬಂದು, ಅದೇ ಕಲ್ಲಿನ ಮೇಲೆ ಕೂತು ತನ್ನ ತಪ್ಪು ತಾನೇ ಮೊದಲು ಹೇಳುವಳಂತೆ. ಪತ್ರಿಕೆಯವರು ಬಂದು ಅವಳ ಮಾತು ಬರೆದುಕೊಂಡು ಹೋಗುತ್ತಿದ್ದರಂತೆ. ಅವಳು ಕೆಮರಾ ಹಿಡಿದರೆ ಹೊಳೆಯೇ ಹರಿಯುವುದನ್ನು ನಿಲ್ಲಿಸುತ್ತಿತ್ತು ಅನ್ನುವವರೂ ಇದ್ದಾರೆ. ಅವಳ ಕಿವಿಗೆ ಬಿದ್ದಿದ್ದರೆ ಅಂಥವರಿಗೂ ಬಿಸಿ ಮುಟ್ಟಿಸುತ್ತಿದ್ದಳು.

ಇವತ್ತಿಗೂ ಆ ಊರುಗಳಲ್ಲಿ ಮದುವೆ ವಿಡಿಯೋ ಇರಲಿ, ಮೊಬೈಲಿನಲ್ಲಿ ತೆಗೆದದ್ದಿರಲಿ, ತೋರಿಸುವ ಮೊದಲು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನೋಡಿದ್ದೋ, ಮಾಡಿಸಿದ್ದೋ?" ತೆಗೆದವರು ಇದ್ದದ್ದು ಹೇಳಬೇಕು. ಮಾಡಿಸಿದ್ದು ಅಂದರೆ ಯಾರೂ ಬಯ್ಯುವುದಿಲ್ಲ, ನಕ್ಕು ನೋಡುತ್ತಾರೆ. ಈ ಕಥೆ ಹೇಳಿದವರನ್ನೂ ಅವರು ಬಿಡುವುದಿಲ್ಲ. "ನೋಡಿದ್ದಲ್ಲ, ಮಾಡಿಸಿದ್ದೂ ಅಲ್ಲ, ಕೇಳಿದ್ದು" ಅಂತ ಒಪ್ಪಿಕೊಂಡ ಮೇಲೆಯೇ ಚಹಾ ಕೊಡುವುದು.