ಹತ್ತು ವೋಲ್ಟಿನಲ್ಲಿ ನಿಂತ ಗುಂಡಿ

ರೇಡಿಯೋ ಜೋಡಿಸುವ ಹುಚ್ಚಿನ ಫಾಲಾಕ್ಷಪ್ಪ ವಿದ್ಯುತ್ ಅಳೆಯಲು ಮುಳ್ಳು ಓಡುವ ಹೊಸ ಮಲ್ಟಿಮೀಟರ್ ತಂದ. ಮುಳ್ಳು ಸೊಟ್ಟಗಾಗಿ ಕಪಾಟು ಸೇರಿದ್ದ ಹಳೇ ಮೀಟರ್ ಕೂಗಿತು: "ತಮ್ಮಾ, ಅಳೆಯುವ ಮುಂಚೆ ಗುಂಡಿಯನ್ನು ಅತಿ ಹೆಚ್ಚಿನ ವೋಲ್ಟಿಗೆ ತಿರುಗಿಸಬೇಕು. ಈತ ಹತ್ತರಲ್ಲೇ ಬಿಟ್ಟು ನನ್ನನ್ನು ಇನ್ನೂರಮೂವತ್ತು ವೋಲ್ಟಿನ ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಆಮೇಲೆ ನನ್ನನ್ನೇ ಸುಳ್ಳುಗಾರ ಎಂದ!"

"ತಪ್ಪು ನಿಮ್ಮದೇ ಇರಬೇಕು. ನಾನು ದುಬಾರಿ ಮಾಲು," ಎಂದಿತು ಹೊಸದು.

ಫಾಲಾಕ್ಷಪ್ಪ ಗುಂಡಿಯನ್ನು ಹತ್ತು ವೋಲ್ಟಿಗಿಟ್ಟು ಟಾರ್ಚಿನ ಸೆಲ್ ಅಳೆದ. ಮತ್ತೆ ಗುಂಡಿ ಮುಟ್ಟದೆ, ಮೀಟರಿನ ತಂತಿಗಳ ತುದಿಯ ಕಡ್ಡಿಗಳನ್ನು ಗೋಡೆಯ ಪ್ಲಗ್ಗಿಗೆ ತುರುಕಿದ. ಮುಳ್ಳು ಫಟ್ಟನೆ ಅಂಚಿಗೆ ಬಡಿದು ಬಾಗಿತು.

"ಥೂ, ಇದೂ ಕಳಪೆ!" ಎಂದು ಅದನ್ನೂ ಕಪಾಟಿಗೆ ಎಸೆದ.

"ನನ್ನದೇನು ತಪ್ಪು?" ಹೊಸದು ಕಿರುಚಿತು.

"ನನ್ನದೂ ಇರಲಿಲ್ಲ," ಎಂದಿತು ಹಳೆಯದು. "ಸ್ವಲ್ಪ ಸರಿದು ಕೂರು. ನಾಳೆ ಮೂರನೆಯವನು ಬರುತ್ತಾನೆ. ಅವನೂ ನಿನ್ನ ಮಾತು ನಂಬುವುದಿಲ್ಲ."