ಜೋಮು ಹಿಡಿದ ಬೆರಳು, ಮದುಮಗಳ ಬಳೆ

ಬಳೆಗಾರ ರವಣಪ್ಪನಿಗೆ ಒಂದು ಜಂಭವಿತ್ತು. ಹೆಣ್ಣುಮಕ್ಕಳ ಕೈಯನ್ನು ಒಮ್ಮೆ ಅಮುಕಿದರೆ ಸಾಕು, ಬಳೆಯ ಅಳತೆ ಅವನ ಬೆರಳಿಗೆ ತಿಳಿಯುತ್ತಿತ್ತು. "ಅಳತೆ ಎಷ್ಟಮ್ಮ ಅಂತ ಕೇಳೋನು ಬಳೆಗಾರನೇ ಅಲ್ಲ" ಎನ್ನುತ್ತಿದ್ದ. ಮಾತು ಸ್ವಲ್ಪ ಜಾಸ್ತಿಯೇ, ಆದರೆ ಕೆಲಸವೂ ಹಾಗೇ ಇತ್ತು.

ಮೂವತ್ತು ವರ್ಷ ಊರವರ ಕೈಯನ್ನೆಲ್ಲ ಅಮುಕಿದ ಮೇಲೆ ಅವನ ಕೈಯೇ ಮುನಿಸಿಕೊಂಡಿತು. ಬಲಗೈ ಮಣಿಕಟ್ಟಿನೊಳಗೆ ನರ ಒತ್ತಿಕೊಂಡು ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಜೋಮು ಹಿಡಿಯಿತು. ಆಪರೇಷನ್ ಆಯಿತು. ನೋವು ಹೋಯಿತು, ಜೋಮು ಮಾತ್ರ ಉಳಿಯಿತು.

"ನರಕ್ಕೆ ಜಾಗ ಮಾಡಿಕೊಟ್ಟಿದ್ದೀವಿ. ಚೇತರಿಸಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಅಲ್ಲೀವರೆಗೆ ಬೆರಳನ್ನ ನಂಬಬೇಡಿ" ಎಂದರು ಡಾಕ್ಟರು. ರವಣಪ್ಪ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಎರಡು ತಿಂಗಳಿಗೆ ಅಲಮೇಲಮ್ಮನ ಮಗಳು ಸುಗುಣಳ ಮದುವೆ ಬಂತು. ಅಲಮೇಲಮ್ಮನ ಮದುವೆಗೂ ಬಳೆ ತೊಡಿಸಿದ್ದು ರವಣಪ್ಪನೇ. ಈಗ ಆ ಮನೆಗೆ ಬೇರೆ ಬಳೆಗಾರ ಕಾಲಿಟ್ಟರೆ ತನ್ನ ಕಸುಬು ಮುಗಿದ ಹಾಗೆಯೇ ಎಂದು ಅವನಿಗೆ ಭಯವಾಯಿತು. ಕೈ ಪೂರ್ತಿ ವಾಸಿಯಾಗಿದೆ ಎಂದು ಹೇಳಿಕಳಿಸಿ, ಬಳೆಯ ಮಲಾರ ಹೆಗಲಿಗೇರಿಸಿ ಹೊರಟ.

ಸುಗುಣ ಚಾಪೆಯ ಮೇಲೆ ಕುಳಿತು ಕೈ ಚಾಚಿದಳು. ರವಣಪ್ಪ ಅಮುಕಿ ನೋಡಿದ. ಬೆರಳು ಏನೂ ಹೇಳಲಿಲ್ಲ. ಅಂದಾಜಿನ ಮೇಲೆ ಒಂದು ಹಸಿರು ಬಳೆ ತೆಗೆದು ಏರಿಸತೊಡಗಿದ. ಹಿಡಿತ ತಿಳಿಯದ್ದರಿಂದ ಇನ್ನೂ ಗಟ್ಟಿಯಾಗಿ ಒತ್ತಿದ. ಚಟ್ ಎಂದು ಸದ್ದಾಯಿತು. ಸುಗುಣಳ ಕೈಮೇಲೆ ರಕ್ತ.

ಅಲಮೇಲಮ್ಮ ಗಾಬರಿಯಿಂದ ಬಂದು ಮಗಳ ಕೈ ಒರೆಸಿದಳು. ಅಲ್ಲಿ ಗಾಯವೇ ಇರಲಿಲ್ಲ. ಗಾಜಿನ ಚೂರು ನಾಟಿದ್ದು ರವಣಪ್ಪನ ನಡುಬೆರಳಿಗೆ. ಅಷ್ಟು ರಕ್ತ ಸುರಿದರೂ ಅವನಿಗೆ ಗೊತ್ತೇ ಆಗಿರಲಿಲ್ಲ.

"ಈಗಿನ ಗಾಜೇ ಸರಿಯಿಲ್ಲ ಬಿಡಿ" ಎಂದರು ಯಾರೋ ನೆಂಟರು.

ಹೌದು ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇನ್ನೊಂದು ಚೂರು ಈ ಮಗುವಿನ ಕೈಗೇ ನಾಟಿದರೆ ಎಂದು ನೆನೆದು ಅವನು ಆ ಮಾತನ್ನು ನುಂಗಿಕೊಂಡ.

"ಗಾಜು ಸರಿಯಾಗೇ ಇದೆ. ನನ್ನ ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ. ಸುಳ್ಳು ಹೇಳಿ ಬಂದೆ, ತಪ್ಪಾಯ್ತು. ಬೇರೆಯವರನ್ನ ಕರೆಸಿ ತಾಯಿ" ಎಂದು ಮಲಾರ ಕಟ್ಟತೊಡಗಿದ.

ಸುಗುಣ ಕೈ ಹಿಂದಕ್ಕೆ ತೆಗೆಯಲಿಲ್ಲ. "ನಿಮ್ಮ ಬೆರಳಿಗೆ ಗೊತ್ತಾಗದಿದ್ರೆ ಏನಂತೆ? ನನ್ನ ಕೈಗೆ ಗೊತ್ತಾಗುತ್ತಲ್ಲ. ಕೇಳಿ, ಹೇಳ್ತೀನಿ."

ಬೆರಳಿಗೆ ಬಟ್ಟೆ ಸುತ್ತಿಕೊಂಡು ರವಣಪ್ಪ ಮತ್ತೆ ಕುಳಿತ. ಜನ್ಮದಲ್ಲಿ ಮೊದಲ ಸಲ "ಅಳತೆ ಎಷ್ಟಮ್ಮ?" ಎಂದು ಕೇಳಿದ. ಎಡಗೈಯಿಂದ ಅವಳ ಕೈ ಮೆತ್ತಗೆ ಮಡಿಸಿ, ಒಂದೊಂದು ಬಳೆಗೂ "ನೋವಾಯ್ತಾ?" ಎಂದು ಕೇಳುತ್ತಾ ಏರಿಸಿದ. ಗಂಟೆ ಹಿಡಿಯಿತು. ಆದರೆ ಮತ್ತೊಂದು ಬಳೆಯೂ ಒಡೆಯಲಿಲ್ಲ.

ನೋಡುತ್ತಾ ನಿಂತಿದ್ದ ಅಲಮೇಲಮ್ಮ ಕೊನೆಗೆ ಬಾಯಿಬಿಟ್ಟಳು: "ರವಣಣ್ಣ, ನನ್ನ ಮದುವೇಲಿ ನೀನು ಬಳೆ ತೊಡಿಸಿದಾಗ ಜೀವ ಹೋಗೋಷ್ಟು ನೋವಾಗಿತ್ತು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ರವಣಪ್ಪನಿಗೆ ನಾಚಿಕೆಯಾಯಿತು. ಎಲ್ಲ ತಿಳಿಯುತ್ತದೆ ಎಂದು ಅವನು ಮೆರೆದಿದ್ದ ಬೆರಳಿಗೆ ಇದೊಂದು ತಿಳಿದೇ ಇರಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಜೋಮು ಬಹುಪಾಲು ಇಳಿಯಿತು. ನಡುಬೆರಳ ತುದಿ ಮಾತ್ರ ಇನ್ನೂ ಮಂಕಾಗಿದೆ. ಈಗ ಮತ್ತೆ ಮುಟ್ಟಿದರೆ ಸಾಕು, ಅಳತೆ ತಿಳಿಯುತ್ತದೆ. ಆದರೂ ಅವನು ಕೇಳಿಯೇ ಬಳೆ ತೊಡಿಸುತ್ತಾನೆ. ಅವನಲ್ಲಿಗೆ ಬರುವವರು ಮೊದಲಿಗಿಂತ ಹೆಚ್ಚಾಗಿದ್ದಾರೆ.

ನೀತಿ: ವಾಸಿಯಾಗುವುದಕ್ಕೆ ಅದರದೇ ಸಮಯ ಬೇಕು, ವಾಸಿಯಾಗಿಲ್ಲ ಎಂಬುದನ್ನು ಮುಚ್ಚಿಟ್ಟರೆ ಗಾಯ ಹೆಚ್ಚುತ್ತದೆಯೇ ಹೊರತು ಮಾನ ಉಳಿಯುವುದಿಲ್ಲ. ನಮಗೆ ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳಬೇಕು. ಇನ್ನೊಬ್ಬರ ನೋವನ್ನಂತೂ, ಕೈ ಎಷ್ಟೇ ಪಳಗಿದ್ದರೂ, ಕೇಳಿಯೇ ತಿಳಿಯಬೇಕು.